ಅಣ್ಣನ ಪತ್ರಿಕೆಗಳಿಗೆ ನಾನು ಹಾಕಿದ ಮೂಗುದಾರ

ಏನೂ ಮಾಡದೆ ಸುಮ್ಮನಿರುವುದು ಬಲು ಕಷ್ಟದ ಕೆಲಸ ಎಂದು ನಾನು ಹೇಳಿದರೆ ನಮ್ಮ ರೋಣದಲ್ಲಿ ಒಬ್ಬರೂ ನಂಬುವುದಿಲ್ಲ. ಆ ಕೆಲಸದಲ್ಲಿ ನನಗಿರುವಷ್ಟು ರೂಢಿ ಊರಲ್ಲಿ ಇನ್ನಾರಿಗೂ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ನಮ್ಮದು ಎರೆ ಹೊಲ. ಮಳೆ ಬಿದ್ದರೆ ಅದರೊಳಗೆ ಕಾಲಿಡಲು ಬರುವುದಿಲ್ಲ. ಇಟ್ಟ ಕಾಲು ಹೆಜ್ಜೆಗೊಂದು ಸೇರು ಮಣ್ಣು ಹೊತ್ತುಕೊಂಡು ಏಳುತ್ತದೆ. ಬಿಸಿಲು ಬಿದ್ದರೆ ನೆಲ ಬಿರಿಯುತ್ತದೆ. ಆಗ ಕಾಲಿಟ್ಟರೆ ಕಾಲೇ ಒಳಗೆ ಹೋಗುತ್ತದೆ. ಹೀಗಾಗಿ ವರ್ಷದಲ್ಲಿ ಬಹಳ ದಿನ ಭೂಮಿಯೇ ನನಗೆ ಕೂಡು ಎನ್ನುತ್ತದೆ, ನಾನು ಕೂಡುತ್ತೇನೆ. ಇಂಥ ನನ್ನನ್ನು ನನ್ನ ಅಣ್ಣ ಒಂದು ಸಲ, ಜೀವಮಾನದಲ್ಲಿ ಒಂದೇ ಸಲ, "ತಮ್ಮಾ, ಏನೂ ಮಾಡಬ್ಯಾಡ" ಎಂದು ಬೇಡಿಕೊಂಡ. ಅಷ್ಟು ನನ್ನಿಂದ ಆಗಲಿಲ್ಲ. ಮೈಗಳ್ಳನೆಂದು ಹೆಸರು ಹೊತ್ತವನು ಮೈಗಳ್ಳತನ ಬೇಕಾದ ದಿನವೇ ಮೈಬಗ್ಗಿಸಿ ದುಡಿದುಬಿಟ್ಟೆ. ಆ ದುಡಿಮೆಯ ಕಥೆಯನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಅಷ್ಟಕ್ಕಷ್ಟೇ; ತಪ್ಪುಗಳಿದ್ದರೆ ತಿದ್ದಿಕೊಳ್ಳಿ. ಬರವಣಿಗೆಯ ತಪ್ಪುಗಳನ್ನು ಮಾತ್ರ. ಉಳಿದ ತಪ್ಪು ತಿದ್ದುವುದು ನಿಮ್ಮ ಕೈಯಲ್ಲಿಲ್ಲ.

ಅಣ್ಣ ಗುರುಪಾದಪ್ಪ ರೋಣದ ಕನ್ನಡ ಸಾಲೆಯ ಮಾಸ್ತರ. ಕುಂಪಣಿ ಸರಕಾರದವರು ಸಾಲೆ ತೆಗೆದರೇ ಹೊರತು ಅದಕ್ಕೊಂದು ಮನೆ ಕಟ್ಟಿಸಲಿಲ್ಲ. ಅದು ಚಾವಡಿಯ ಪಡಸಾಲೆಯಲ್ಲಿಯೇ ನಡೆಯುತ್ತದೆ. ಆ ಸಾಲೆಗೆ ಒಂದು ಗ್ರಂಥಭಂಡಾರವೂ ಉಂಟು ಎಂದು ಅಣ್ಣ ಹೇಳುತ್ತಾನೆ. ನೋಡಿದವರಿಗೆ ಅದು ಬೇವಿನ ಹಲಗೆಯ ಪೆಟ್ಟಿಗೆಯಂತೆ ಕಾಣುತ್ತದೆ. ಅದರಲ್ಲಿ ಒಂದು ವ್ಯಾಕರಣದ ಪುಸ್ತಕ, ಒಂದು ಗಣಿತದ ಪುಸ್ತಕ, ಉಳಿದದ್ದೆಲ್ಲ ಪತ್ರಿಕೆ. ಪತ್ರಿಕೆ ಎಂದರೆ ದೂರದ ಛಾಪಖಾನೆಯೊಂದರಿಂದ ಹೊರಟು, ನರಗುಂದದ ಮೇಲೆ ಹಾಯ್ದು, ಟಪಾಲಿನವನ ಚೀಲದಲ್ಲಿ ತಿಂಗಳಿಗೊಮ್ಮೆ ನಮ್ಮೂರಿಗೆ ಬರುವ ಎಂಟು ಹಾಳೆಗಳ ಕಟ್ಟು. ಕಟ್ಟು ಎಂದದ್ದೂ ತಪ್ಪೇ, ಏಕೆಂದರೆ ಅದಕ್ಕೆ ಕಟ್ಟೇ ಇರುವುದಿಲ್ಲ. ಹೊಲಿಗೆ ಇಲ್ಲ, ರಟ್ಟು ಇಲ್ಲ. ಮಡಚಿದ ಹಾಳೆಗಳನ್ನು ಒಂದರೊಳಗೊಂದು ತುರುಕಿ ಕಳಿಸಿಬಿಡುತ್ತಾರೆ. "ಪುಸ್ತಕ ಅಂದ್ರ ಎತ್ತು ಇದ್ದಂಗ, ಕಟ್ಟಿದಲ್ಲೇ ಇರತೈತಿ. ಪತ್ರಿಕೆ ಅಂದ್ರ ಕುರಿಹಿಂಡು. ಎಲ್ಲಾ ಕೂಡೇ ಬರತಾವು, ಎಣಿಸಿದ್ರ ಒಂದು ಕಡಿಮಿ" ಎಂದು ಅಣ್ಣ ಹೇಳುತ್ತಿದ್ದ.

ಅವನು ಹೇಳಿದ್ದು ಸುಳ್ಳಲ್ಲ. ಒಮ್ಮೆ ಊರ ಗೌಡರು ಉಗಿಬಂಡಿಯ ಲೇಖನ ಇದ್ದ ಪತ್ರಿಕೆಯನ್ನು ಓದಲು ಒಯ್ದರು. ಮುಂಬಯಿಯಲ್ಲಿ ಎತ್ತಿಲ್ಲದ ಬಂಡಿ ಓಡುತ್ತದೆಂಬ ಸುದ್ದಿ ಆಗ ಬಿಸಿಯಾಗಿತ್ತು. ಮೂರು ತಿಂಗಳಾದರೂ ಪತ್ರಿಕೆ ತಿರುಗಿ ಬರಲಿಲ್ಲ. ಅಣ್ಣ ಹೋಗಿ ನೋಡಿದರೆ ಗೌಡರ ತಾಯಿ ಅದರಿಂದ ಗಾಳಿ ಬೀಸಿಕೊಳ್ಳುತ್ತಿದ್ದರಂತೆ. "ಇದು ಭಾಳ ಚಲೋ ಐತ್ರಿ ಮಾಸ್ತರ, ಹಗೂರ ಐತಿ, ಇನ್ನೊಂದು ಬಂದ್ರ ಕೊಡ್ರಿ" ಎಂದರಂತೆ. ಅದನ್ನು ಬಿಡಿಸಿಕೊಂಡು ಬಂದ ದಿನದಿಂದ ಅಣ್ಣ ಹಿಂಡು ಕಾಯುವ ಕುರುಬನೇ ಆದ. ತಿಂಗಳ ಸರದಿಯಂತೆ ಒಂದರ ಮೇಲೊಂದು ಅಂಗಾತ ಇಟ್ಟು, ವರ್ಷಕ್ಕೆ ಹನ್ನೆರಡರಂತೆ ಕೂಡಿಸಿ, ಮೇಲೊಂದು ಕೆಳಗೊಂದು ಹಲಗೆ ಇಟ್ಟು, ಕೆಂಪು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಹೀಗೆ ಮೂರು ವರ್ಷದ ಮೂರು ಗಂಟು ಆದವು. ಹುಡುಗರಿಗೆ ಓದಿಸಲು ಬೇರೆ ಪುಸ್ತಕವಿಲ್ಲ. ಆ ಗಂಟುಗಳೇ ಅವರ ಭೂಗೋಳ, ಅವೇ ಅವರ ಚರಿತ್ರೆ. ಎಂದಾದರೊಂದು ದಿನ ಧಾರವಾಡದಲ್ಲಿ ಹೊಲಿಸಿ ರಟ್ಟು ಹಾಕಿಸಬೇಕೆಂಬುದು ಅಣ್ಣನ ಆಸೆ. ಬೇರೆಯವರು ಮಗಳ ಮದುವೆಯ ಮಾತಾಡುವಾಗ ದನಿ ಮೆತ್ತಗೆ ಮಾಡುವಂತೆ ಅಣ್ಣ ರಟ್ಟಿನ ಮಾತಾಡುವಾಗ ಮಾಡುತ್ತಿದ್ದ.

ಒಂದು ಮಳೆಗಾಲದಲ್ಲಿ ಮಾಸ್ತರರಿಗೆ ಹೊಸ ರೀತಿಯ ಪಾಠ ಕಲಿಸುತ್ತೇವೆಂದು ಸರಕಾರದವರು ಅವನನ್ನೂ ಎರಡು ತಿಂಗಳು ಧಾರವಾಡಕ್ಕೆ ಕರೆಸಿದರು. ಚಾವಡಿ ಸೋರುತ್ತದೆಂದು ಪೆಟ್ಟಿಗೆಯನ್ನು ಮನೆಗೆ ತಂದಿಟ್ಟು ನನ್ನನ್ನು ಕರೆದ.

"ತಮ್ಮಾ, ಮಳ್ಯಾಗ ಇವನ್ನ ಗಾಡ್ಯಾಗ ಒಯ್ಯೂದು ಆಗೂದಿಲ್ಲ. ರಟ್ಟು ಹಾಕವನ್ನ ಮಾತಾಡಿಸಿಕೊಂಡು ಬರತೀನಿ. ನೀ ಪೆಟಗಿ ತಗೀಬ್ಯಾಡ. ಮಾಳಿಗಿ ಸೋರಿದ್ರ ಪೆಟಗಿ ಈ ಕಡೆ ಸರಿಸು. ಅಷ್ಟ. ಏನೂ ಮಾಡಬ್ಯಾಡ."

"ಏನೂ ಮಾಡೂದಿಲ್ಲಣ್ಣ."

"ಖರೇ?"

"ಇಷ್ಟು ವರ್ಷ ಏನರ ಮಾಡಿದ್ದು ನೋಡೀಯೇನು?"

ಅಣ್ಣ ನಕ್ಕು ಗಾಡಿ ಹತ್ತಿದ.

ಮೊದಲ ಹತ್ತು ದಿನ ನಾನು ಮಾತಿನಂತೆ ನಡೆದುಕೊಂಡೆ. ಹನ್ನೊಂದನೆಯ ದಿನ ಮಳೆ ಬಿಡುವು ಕೊಟ್ಟು ಬಿಸಿಲು ಬಿತ್ತು. ಪತ್ರಿಕೆಗಳಿಗೂ ಸ್ವಲ್ಪ ಬಿಸಿಲು ಕಂಡರೆ ಒಳ್ಳೆಯದಲ್ಲವೇ ಎನಿಸಿತು. ಅಂಗಳದಲ್ಲಿ ಚಾಪೆ ಹಾಸಿ ಮೂರೂ ಗಂಟು ಬಿಚ್ಚಿ ಹರವಿದೆ. ನಮ್ಮ ಕಡೆಯ ಮುಂಗಾರು ಗಾಳಿಯನ್ನು ಕಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮೂವತ್ತಾರು ಪತ್ರಿಕೆಗಳೂ ಒಮ್ಮೆಲೇ ಎದ್ದವು. ಕೆಲವು ಮಾಳಿಗೆ ಹತ್ತಿದವು, ಕೆಲವು ಬಣವಿಗೆ ಅಂಟಿದವು, ಒಂದು ಪಕ್ಕದ ಮನೆಯ ಹಿಟ್ಟಿನ ಪರಾತದಲ್ಲಿ ಹೋಗಿ ಕೂತಿತು. ಅತ್ತಿಗೆ ಸಂಗವ್ವ, ಅಣ್ಣನ ಹೆಂಡತಿ, ಸೆರಗು ಕಟ್ಟಿಕೊಂಡು ನನ್ನ ಕೂಡ ಓಡಿದಳು. ಒಂದೂ ಹರಿಯದಂತೆ ಎಲ್ಲವನ್ನೂ ಹಿಡಿದು ತಂದು, ಅಂಕಿ ನೋಡಿ ನೋಡಿ ಸರದಿಗೆ ಹಚ್ಚಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ಒಳ್ಳೆಯ ತಮ್ಮನಾಗಿ ಉಳಿಯುತ್ತಿದ್ದೆ.

ಆದರೆ ಆ ಹೊತ್ತಿಗೆ ನನಗೆ ಅಜ್ಜ ನೆನಪಾದ. ಅಜ್ಜ ಮಠವೊಂದರ ತಾಳೆಗರಿಯ ಹೊತ್ತಿಗೆಗಳನ್ನು ನೋಡಿಕೊಳ್ಳುತ್ತಿದ್ದವನು. ಕಾಗುಣಿತದ ಅರ್ಧಕ್ಕೇ ನಾನು ಸಾಲೆ ಬಿಟ್ಟಾಗ, "ಅಕ್ಷರ ಬರದಿದ್ರ ಬಿಡು, ಗರಿ ಕಟ್ಟೂದರ ಕಲಿ" ಎಂದು ಕೂರಿಸಿಕೊಂಡು ಕಲಿಸಿದ್ದ. ಗರಿಯ ನಡುವೆ ತೂತು ಮಾಡಬೇಕು, ದಾರ ಪೋಣಿಸಬೇಕು, ಎರಡೂ ಕಡೆ ಹಲಗೆ ಇಟ್ಟು ಬಿಗಿಯಬೇಕು. "ಗ್ರಂಥಕ್ಕ ದಾರ, ಎತ್ತಿಗೆ ಮೂಗದಾರ. ಎರಡೂ ಇಲ್ಲಂದ್ರ ಎರಡೂ ನಿನ್ನವಲ್ಲ" ಎನ್ನುತ್ತಿದ್ದ. ಎಂಥ ಮಾತು! ಸಾಲೆ ಕಲಿತ ಅಣ್ಣನಿಗೆ ಹಲಗೆ ಇಡುವುದು ತಿಳಿದಿದೆ, ಬಟ್ಟೆ ಸುತ್ತುವುದು ತಿಳಿದಿದೆ, ದಾರ ಒಂದು ಹೊಳೆದಿಲ್ಲ. ಅಣ್ಣನಿಗೆ ತಿಳಿಯದ್ದು ನನಗೆ ತಿಳಿದಿದೆ ಎಂಬ ಸುಖ ನನ್ನ ಆಯುಷ್ಯದಲ್ಲಿ ಅಪರೂಪ. ಸೂರಿನಲ್ಲಿ ಸಿಕ್ಕಿಸಿದ್ದ, ಚೀಲ ಹೊಲಿಯುವ ದಬ್ಬಣವನ್ನು ತೆಗೆದುಕೊಂಡು ಅಡಿಗೆಮನೆಗೆ ಹೋದೆ. ಒಲೆಯ ಕೆಂಡದಲ್ಲಿ ಅದನ್ನು ಕೆಂಪಗೆ ಕಾಯಿಸಿ, ಒಂದೊಂದೇ ಪತ್ರಿಕೆಯ ನಟ್ಟನಡುವೆ ಚುಚ್ಚಿದೆ. ಎಷ್ಟೋ ಹೋರಿಗಳ ಮೂಗು ಚುಚ್ಚಿದ ಕೈ, ತಪ್ಪಲಿಲ್ಲ. ಮೂವತ್ತಾರಕ್ಕೂ ಒಂದೇ ಜಾಗ, ಒಂದೇ ಅಳತೆ. ಸೆಣಬಿನ ಹುರಿ ಪೋಣಿಸಿ ಮೂರು ಗಂಟು ಬಿಗಿದು ಅತ್ತಿಗೆಗೆ ತೋರಿಸಿದೆ. ಓದು ಬಾರದ ಅತ್ತಿಗೆ, "ಚಂದ ಆಗ್ಯಾವಲ್ಲೋ ಚನಬಸಪ್ಪ, ಇನ್ನ ಯಾವ ಗಾಳಿ ಬಂದ್ರೂ ಅಂಜಿಕಿಲ್ಲ" ಎಂದಳು.

ಆ ಸಂತೋಷದಲ್ಲಿ ಉಗಿಬಂಡಿಯ ಲೇಖನ ತೆಗೆದು ಅತ್ತಿಗೆಗೆ ಓದಿ ಹೇಳಲು ಹೊರಟೆ. ಬೆರಳಿಟ್ಟುಕೊಂಡು ಓದುತ್ತ ಓದುತ್ತ, ಎತ್ತಿಲ್ಲದೆ ಬಂಡಿ ಓಡಲು ಮುಖ್ಯ ಕಾರಣವೇನೆಂದರೆ ಎಂಬಲ್ಲಿಗೆ ಬಂದೆ. ಅಲ್ಲಿ ಕಾರಣ ಇರಲಿಲ್ಲ. ತೂತು ಇತ್ತು. ತೂತಿನಲ್ಲಿ ನನ್ನ ಬೆರಳ ತುದಿ ಕಾಣುತ್ತಿತ್ತು. ಹಾಳೆ ತಿರುವಿದೆ, ಅಲ್ಲಿಯೂ ಹಾಗೇ. ಆಗ ನೆನಪಾಯಿತು. ತಾಳೆಗರಿಯ ಮೇಲೆ ಬರೆಯುವವನು ತೂತಿನ ಸುತ್ತ ಜಾಗ ಬಿಟ್ಟು ಬರೆಯುತ್ತಾನೆ. ಛಾಪಖಾನೆಯವರು ನನ್ನಂಥವನೊಬ್ಬ ದಬ್ಬಣ ಕಾಯಿಸಿಕೊಂಡು ಬಂದಾನೆಂದು ಎಣಿಸಿರಲಿಲ್ಲ. ಅತ್ತಿಗೆ, "ಯಾಕೋ, ಬಂಡಿ ನಿಂತೇನು?" ಎಂದಳು.

ಹುರಿ ಬಿಚ್ಚಿ ಒಲೆಗೆ ಹಾಕಿದೆ. ಪತ್ರಿಕೆಗಳನ್ನು ಮೊದಲಿದ್ದಂತೆ ಸುತ್ತಿಟ್ಟೆ. ಅಣ್ಣ ಬಂದ ಕೂಡಲೇ ಹೇಳಬೇಕೆಂದು ನಿಶ್ಚಯ ಮಾಡಿದೆ. ಅವನು ಬರುವವರೆಗೆ ಆ ನಿಶ್ಚಯವನ್ನು ದಿನಾ ಹೊಸದಾಗಿ ಮಾಡಿದೆ.

ದಸರೆಗೆ ಮುಂಚೆ ಅಣ್ಣ ಬಂದ. ಗಾಡಿಯಿಂದ ಇಳಿಯುತ್ತಲೇ ಚೀಲದಿಂದ ಒಂದು ರಟ್ಟಿನ ತುಂಡು ತೆಗೆದು ತೋರಿಸಿದ. ಕೆಂಪು ಬಟ್ಟೆ ಅಂಟಿಸಿದ ನಮೂನೆ. "ಒಪ್ಪಿಕೊಂಡಾನ ತಮ್ಮಾ. ಹೊಳಿ ಇಳಿದ ಮ್ಯಾಲ ತಗೊಂಡು ಬರ್ರಿ ಅಂದಾನ. ಬೆನ್ನಿನ ಮ್ಯಾಲ ಬಂಗಾರದ ಅಕ್ಷರ ಹಾಕತಾನಂತ" ಎಂದ. ಕಾಲು ತೊಳೆಯುವುದಕ್ಕೂ ಮೊದಲು ಪೆಟ್ಟಿಗೆ ತೆಗೆದ. ಮೊದಲ ಗಂಟು ಬಿಚ್ಚಿದ. ಬಹಳ ಹೊತ್ತು ನೋಡಿದ. ಆಮೇಲೆ ಹನ್ನೆರಡನ್ನೂ ಒಟ್ಟಿಗೆ ಎತ್ತಿ ಬಾಗಿಲ ಬೆಳಕಿಗೆ ಹಿಡಿದು ತೂತಿಗೆ ಕಣ್ಣಿಟ್ಟ. ಆ ಕಡೆ ಬಾಗಿಲಲ್ಲಿ ನಾನು ನಿಂತಿದ್ದೆ. ತೂತಿನೊಳಗಿಂದ ಅಣ್ಣನ ಕಣ್ಣು ನನ್ನನ್ನೇ ನೋಡುತ್ತಿತ್ತು.

"ಹುಳಾ" ಎಂದ ಅಣ್ಣ. "ಹುಳಾ ಹೊಡದೈತಿ. ಆದ್ರ ಹುಳಾ ಎಲ್ಲೂ ಕಾಣವಲ್ದು."

ನಾನು ಬಾಯಿ ತೆರೆದೆ. ಒಳಗಿದ್ದ ನಿಶ್ಚಯವೆಲ್ಲ ಎಲ್ಲಿ ಹೋಯಿತೋ, "ಹೌದಣ್ಣ, ಹುಳಾನ ಇರಬೇಕು" ಎಂಬ ಮಾತು ಹೊರಬಿತ್ತು.

"ಎಂಥಾ ಶಿಸ್ತಿನ ಹುಳಾ ನೋಡು. ಈ ಕಡೀಲೆ ಹೊಕ್ಕು ಆ ಕಡೀಲೆ ಹೊಂಟೈತಿ. ಎಡಕ್ಕ ಇಲ್ಲ, ಬಲಕ್ಕ ಇಲ್ಲ. ನಮ್ಮ ಸಾಲಿ ಹುಡುಗೂರಿಗೆ ಇಷ್ಟು ಶಿಸ್ತು ಇದ್ದಿದ್ರ." ಮೂಗಿನ ಹತ್ತಿರ ಹಿಡಿದು ನೋಡಿ, "ಸುಟ್ಟ ವಾಸನಿ ಬೇರೆ. ಇದರ ಬಾಯಾಗ ಬೆಂಕಿ ಐತೇನು?" ಎಂದ. ರಟ್ಟಿನ ನಮೂನೆಯನ್ನು ಮೆಲ್ಲಗೆ ಚೀಲದೊಳಗೆ ಇಟ್ಟ. "ಹುಳಾ ಇರೋ ಕಾಗದಕ್ಕ ರಟ್ಟು ಹಾಕಿಸಿದ್ರ ಹುಳಕ್ಕ ಮನಿ ಕಟ್ಟಿಸಿಕೊಟ್ಟಂಗ. ಮೊದಲ ಹುಳಾ ಹೋಗಲಿ."

ಹುಳ ಎಲ್ಲಿಗೆ ಹೋಗಬೇಕು? ಎರಡು ಹೊತ್ತು ಅವನ ಪಕ್ಕದಲ್ಲೇ ಕೂತು ಉಣ್ಣುತ್ತಿತ್ತು. ಅಲ್ಲಿಂದ ಒಂದು ವರ್ಷ ಅಣ್ಣ ಇಲ್ಲದ ಹುಳದ ಮೇಲೆ ದಂಡೆತ್ತಿ ಹೋದ. ಬೇವಿನ ಎಲೆ ಒಣಗಿಸಿ ಹಾಕಿದ. ತಂಬಾಕಿನ ಎಲೆ ಹಾಕಿದ. ಬಜೆ ಬೇರನ್ನು ಜಜ್ಜಿ ಗಂಟು ಕಟ್ಟಿ ಇಟ್ಟ. "ಕೂಸಿಗೆ ತೇಯಾಕ ತಂದ ಬಜಿ ಎಲ್ಲಾ ನಿಮ್ಮ ಕಾಗದಾನ ತಿಂದ್ವು" ಎಂದು ಅತ್ತಿಗೆ ಗೊಣಗಿದಳು. ಸಾಲೆ ಬಿಟ್ಟ ಮೇಲೆ ದಿನಾ ಒಂದೊಂದು ಪತ್ರಿಕೆಯನ್ನು ಬಿಸಿಲಿಗೆ ಹಿಡಿದು ಹುಳ ಹುಡುಕುತ್ತಿದ್ದ. ನನಗೊಂದು ಕೆಲಸ ಒಪ್ಪಿಸಿದ: "ನೀ ಹಗಲೆಲ್ಲಾ ಮನ್ಯಾಗ ಇರತಿ. ಪೆಟಗಿ ಮ್ಯಾಲ ಒಂದು ಕಣ್ಣಿಡು. ಹುಳಾ ಕಂಡ ಕೂಡ್ಲೇ ನನಗ ಹೇಳು."

ಅತ್ತಿಗೆಗೆ ಎಲ್ಲವೂ ಗೊತ್ತಿತ್ತು; ದಬ್ಬಣ ಕಾದದ್ದು ಅವಳ ಒಲೆಯಲ್ಲೇ ಅಲ್ಲವೇ. ನಾನು ಕೈಮುಗಿದು ಕೇಳಿಕೊಂಡಿದ್ದಕ್ಕೆ, "ನಾ ಹೇಳಿದ್ರ ಚಾಡಿ ಆಗತೈತಿ. ಹೇಳವ ನೀನ. ಎಷ್ಟು ದಿನ ಸುಮ್ನಿರತಿ ನೋಡತೀನಿ" ಎಂದು ಬಾಯಿ ಮುಚ್ಚಿಕೊಂಡಳು. ಪೂರ್ತಿ ಮುಚ್ಚಿಕೊಂಡಳೆಂದು ಹೇಳಲಾರೆ. ಉಣ್ಣಲು ಕೂತಾಗ ಅಣ್ಣನ ಎದುರಿಗೇ, "ಹುಳಕ್ಕ ಇನ್ನೊಂದು ರೊಟ್ಟಿ ಹಾಕ್ಲೇನು?" ಎನ್ನುವಳು. ಅಣ್ಣ, "ಯಾವ ಹುಳಾ?" ಎಂದರೆ, "ಇವನ ಹೊಟ್ಟ್ಯಾಗಿನ ಜಂತಿನ ಮಾತು ಹೇಳಿದ್ನಿ" ಎನ್ನುವಳು. ಅವಳ ಜೋಳದ ರೊಟ್ಟಿ ಹೂವಿನಂತೆ ಮೆತ್ತಗಿರುತ್ತದೆ. ಆ ವರ್ಷ ಮಾತ್ರ ಇನ್ನೊಂದು ಬೇಕೆಂದು ನಾನು ಒಮ್ಮೆಯೂ ಕೇಳಲಿಲ್ಲ.

ಹುಳ ಸಿಗದಿದ್ದರೂ ತೂತು ಮುಚ್ಚಬೇಕಲ್ಲ. ಅಣ್ಣ ಹುಣಸೆಬೀಜದ ಅಂಟು ಕುದಿಸಿ, ಉದ್ದಿನಕಾಳಿನಷ್ಟು ಕಾಗದದ ತುಂಡು ಕತ್ತರಿಸಿ, ಒಂದೊಂದು ತೂತಿಗೂ ತೇಪೆ ಹಚ್ಚಿದ. ತೂತಿನಲ್ಲಿ ಹೋಗಿದ್ದ ಅಕ್ಷರಗಳನ್ನು ತೇಪೆಯ ಮೇಲೆ ಸಣ್ಣಗೆ ಬರೆದ. ಬಹಳಷ್ಟು ಅವನಿಗೆ ಬಾಯಿಪಾಠವೇ ಇದ್ದವು. ನೆನಪಾಗದೆ ಉಳಿದವನ್ನು ಗಜೇಂದ್ರಗಡದ ಸಾಲೆಯ ಪ್ರತಿ ನೋಡಿ ಬರೆಯೋಣವೆಂದು ಗಾಡಿ ಹೂಡಿಸಿದ. ಹೊಡೆಯುವವನು ನಾನೇ.

ಗಜೇಂದ್ರಗಡದ ಮಾಸ್ತರ ದುಂಡಪ್ಪನವರು ಹೆಸರಿಗೆ ತಕ್ಕ ಮೈಯವರು, ನಗುಮುಖದವರು. ಅವರ ಗ್ರಂಥಭಂಡಾರ ಒಂದು ಜೋಳದ ಬುಟ್ಟಿಯಲ್ಲಿತ್ತು. ಮೇಲೆ ಈರುಳ್ಳಿ, ಕೆಳಗೆ ಪತ್ರಿಕೆ. ನಾಲ್ಕೈದು ಸಿಗದಿದ್ದಾಗ ಮಾಸ್ತರರು ಒಳಗೆ ಹೋಗಿ ಉಪ್ಪಿನಕಾಯಿ ಭರಣಿಗಳ ಬಾಯಿಗೆ ಕಟ್ಟಿದ್ದವನ್ನು ಬಿಚ್ಚಿ ತಂದರು.

"ನಿಮ್ಮಲ್ಲಿ ಹುಳದ ಕಾಟ ಇಲ್ರಿ?" ಎಂದು ಅಣ್ಣ ಕೇಳಿದ.

"ಇಲ್ರಿ ಮಾಸ್ತರ. ಓದವರ ಕಾಟಾನೂ ಇಲ್ಲ" ಎಂದರು ದುಂಡಪ್ಪನವರು.

ಅಣ್ಣ ಉಪ್ಪಿನಕಾಯಿಯ ಎಣ್ಣೆಯ ನಡುವೆ ಬೇಕಾದ ಅಕ್ಷರಗಳನ್ನು ಹುಡುಕಿ ಬರೆದುಕೊಂಡ. ತಿರುಗಿ ಬರುವಾಗ ಸೂಡಿಯ ದಾರಿಯಲ್ಲಿ, ಗಾಡಿಯಲ್ಲಿ ನನ್ನ ಬೆನ್ನ ಹಿಂದೆ ಕೂತೇ ಮಾತಾಡಿದ.

"ತಮ್ಮಾ, ಒಂದು ಮಾತು ಹೇಳಬೇಕು ಅನ್ಕೊಂಡಿದ್ದೆ. ನಿನಗ ಸಾಲಿ ಬಿಡಿಸಿ ಎತ್ತಿನ ಹಿಂದ ಹಚ್ಚಿದ್ದು ನನ್ನ ಸಲವಾಗಿ. ಒಬ್ಬರನ್ನ ಓದಿಸಾಕ ಆಗತಿತ್ತು ಅಪ್ಪಗ. ಅವತ್ತು ನೀ ಪಾಟಿ ಹಿಡಕೊಂಡು ಬಾಗಲದಾಗ ನಿಂತಿದ್ದಿ. ನಾ ಏನೂ ಅನ್ನಲಿಲ್ಲ."

"ನನಗ ಓದು ಎಲ್ಲಿ ಹತ್ತತಿತ್ತಣ್ಣ."

"ಹತ್ತತಿತ್ತು. ಈ ಪತ್ರಿಕೆ ಕೂಡಿಸಿ ಇಟ್ಟಿದ್ದು ಹುಡುಗೂರ ಸಲವಾಗಿ ಅಷ್ಟ ಅಲ್ಲ. ಇವು ಮನ್ಯಾಗ ಇದ್ರ ನಿನಗ ಸಾಲಿ ಮನೀಗೇ ಬಂದಂಗ ಆಗತೈತಿ ಅನ್ಕೊಂಡಿದ್ನಿ. ಮಳ್ಯಾಗ ನಿನಗೂ ಕೆಲಸ ಇರೂದಿಲ್ಲ."

ಆಗಲೇ ಹೇಳಿಬಿಡಬೇಕಾಗಿತ್ತು. ಹೇಳಲು ಹಿಂದೆ ತಿರುಗಿಯೂ ಆಗಿತ್ತು. ಅಷ್ಟರಲ್ಲಿ ಎಡದ ಎತ್ತು ನಿಂತು ಉಚ್ಚೆ ಹೊಯ್ಯತೊಡಗಿತು. ಎತ್ತು ಉಚ್ಚೆ ಹೊಯ್ಯುವಾಗ ಕಣ್ಣೀರಿನ ಮಾತು ಹೇಗೆ ಆಡುವುದು? ಅದು ಮುಗಿಸುವುದರೊಳಗೆ ನನ್ನ ಧೈರ್ಯವೂ ಮುಗಿದಿತ್ತು. ನಾನು ಎತ್ತನ್ನು ಬೈದೆ. ಅದರ ಮೂಗುದಾರ ಕಣ್ಣಿಗೆ ಬಿದ್ದು ಬೈಗುಳವೂ ನಿಂತಿತು.

ಮರು ಚಳಿಗಾಲದಲ್ಲಿ ಸಾಲೆ ತಪಾಸಣೆಯ ರಾಯರು ಬಂದರು. ಅವರ ಗಾಡಿಯಲ್ಲಿ ಒಂದು ಹೊಸ ಪೆಟ್ಟಿಗೆ ಇತ್ತು. ಅದರ ತುಂಬ ಹೊಸ ಪುಸ್ತಕ, ರಟ್ಟು ಹಾಕಿದವು. ಈ ಕಡೆಯ ಸಾಲೆಗಳಲ್ಲಿ ಯಾವುದು ಕಾಗದಪತ್ರ ಚೆನ್ನಾಗಿ ಜೋಪಾನ ಮಾಡಿದೆಯೋ ಅದಕ್ಕೆ ಕೊಡಬೇಕೆಂದು ಅಪ್ಪಣೆಯಾಗಿತ್ತಂತೆ. ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಮೂರು ಗಂಟುಗಳನ್ನೂ ಬಿಚ್ಚಿ ನೋಡಿದರು. ತಿಂಗಳ ಸರದಿ ನೋಡಿದರು, ತೇಪೆ ನೋಡಿದರು, ತೇಪೆಯ ಮೇಲಿನ ಸಾಸಿವೆಯಂಥ ಅಕ್ಷರ ನೋಡಿದರು.

"ಮಾಸ್ತರ, ಇಷ್ಟು ಜೋಪಾನ ನಾ ಎಲ್ಲೂ ಕಂಡಿಲ್ಲ. ಪೆಟಗಿ ಇಲ್ಲೇ ಇಳಸ್ರಿ" ಎಂದರು.

ಅಣ್ಣ ಎದ್ದು ಗಾಡಿಯ ಹತ್ತಿರ ಹೋದ. ಹೊಸ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. ಕೂಸಿಗೆ ಜ್ವರ ಬಂದಿದೆಯೇ ಎಂದು ನೋಡುವವನಂತೆ ನಿಂತಿದ್ದ. ತಿರುಗಿ ಬಂದು ಹೇಳಿದ.

"ಇಳಸಬ್ಯಾಡ್ರಿ ರಾಯರ. ನಮ್ಮಲ್ಲಿ ಹುಳಾ ಐತ್ರಿ. ಒಂದು ವರ್ಷದಿಂದ ಹುಡುಕಾಕತ್ತೀನಿ, ಕೈಗೆ ಸಿಕ್ಕಿಲ್ಲ. ಹೊಸ ಪುಸ್ತಕಕ್ಕ ಹತ್ತಿದ್ರ ನನ್ನ ತಪ್ಪಾಗತೈತಿ. ಗಜೇಂದ್ರಗಡಕ್ಕ ಕೊಡ್ರಿ. ಅಲ್ಲಿ ಹುಳಾ ಇಲ್ಲ."

ರಾಯರು ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೊನೆಗೆ, "ಆಗಲಿ, ನಿಮ್ಮಂಥವರ ಮಾತು ಮೀರಲಾರೆ" ಎಂದು ರಾಯರೂ ಎದ್ದರು. ಅವರ ಎತ್ತುಗಳು ದಣಿದಿದ್ದವು. ಅಣ್ಣ ನನ್ನ ಕಡೆ ತಿರುಗಿ, "ತಮ್ಮಾ, ನಮ್ಮ ಗಾಡಿ ಹೂಡು. ನೀನ ಹೋಗಿ ಮುಟ್ಟಿಸಿ ಬಾ. ಹುಷಾರಿ ಒಯ್ಯಿ" ಎಂದ.

ಹೊರಗೆ ಹೋಗಿ ನೊಗಕ್ಕೆ ಕೈ ಹಾಕಿದೆ. ನನ್ನ ಕಣ್ಣ ಮುಂದೆ ಜೋಳದ ಬುಟ್ಟಿ ಬಂತು, ಈರುಳ್ಳಿ ಬಂತು, ಸಾಲಾಗಿ ಉಪ್ಪಿನಕಾಯಿ ಭರಣಿಗಳು ಬಂದವು. ಸಾಲೆಯ ಹುಡುಗರು ಚಾವಡಿಯಿಂದ ಓಡಿಬಂದು ಹೊಸ ಪೆಟ್ಟಿಗೆಯ ಸುತ್ತ ನಿಂತು ಮೂಸಿ ನೋಡುತ್ತಿದ್ದರು. ಅಣ್ಣ ಅವರನ್ನು ಗದರಿಸಲಿಲ್ಲ. ಬೇರೆ ಕಡೆ ನೋಡುತ್ತ ನಿಂತಿದ್ದ. ಅತ್ತಿಗೆ ಬಾಗಿಲಿಗೆ ಬಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಯಾರಿಗೂ ಅಲ್ಲವೆಂಬಂತೆ, "ಹುಳಾ ಏನನ್ನತೈತಿ, ಒಂದು ಮಾತು ಕೇಳ್ರಿ" ಎಂದಳು.

ನೊಗ ಕೆಳಗಿಟ್ಟೆ. ಸೂರಿಗೆ ಕೈ ಹಾಕಿ ದಬ್ಬಣ ತೆಗೆದುಕೊಂಡು ಪಡಸಾಲೆ ಹತ್ತಿ ಅಣ್ಣನ ಎದುರಿಗೆ ನಿಂತೆ. ರಾಯರು ದಬ್ಬಣ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

ನಾನು ಮಾತಾಡಿದ ಮೇಲೆ ಏನಾಯಿತೆಂದು ನೀವು ಕೇಳುವಿರಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಣ್ಣ ದಬ್ಬಣ ಇಸಿದುಕೊಂಡು ಒಂದು ತೇಪೆಯ ಮೇಲೆ ಇಟ್ಟು ಅಳತೆ ನೋಡಿದ. ಸರಿಹೋಯಿತು. ನನ್ನ ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಪೆಟಗಿ ಇಳಸು" ಎಂದಷ್ಟೇ ಹೇಳಿ ಒಳಗೆ ಹೋದ. ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಮೂರನೆಯ ದಿನ ಉಣ್ಣುವಾಗ ತಾನೇ ಅತ್ತಿಗೆಗೆ, "ಹುಳಕ್ಕ ಇನ್ನೊಂದು ರೊಟ್ಟಿ ಹಾಕು" ಎಂದ. ಮೂರು ಗಂಟುಗಳಿಗೂ ಈಗ ಕೆಂಪು ರಟ್ಟು ಬಿದ್ದಿದೆ. ಹೊಸ ಪೆಟ್ಟಿಗೆಯ ಮೇಲೆಯೇ ಕಾಗದ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅದರ ಕೀಲಿಕೈ ನನ್ನ ಉಡದಾರದಲ್ಲಿದೆ, ಅಣ್ಣನ ಅಪ್ಪಣೆ. ದಬ್ಬಣ ಅತ್ತಿಗೆಯ ಹತ್ತಿರ ಇದೆ, ಅದೂ ಅಣ್ಣನ ಅಪ್ಪಣೆಯೇ. ಎತ್ತಿಲ್ಲದೆ ಬಂಡಿ ಓಡಲು ಕಾರಣವೇನೆಂಬುದನ್ನು ಆ ತೇಪೆಯ ಮೇಲೆ ಓದಿ ತಿಳಿದುಕೊಂಡಿದ್ದೇನೆ.

ಆದರೆ ಆ ಹೊತ್ತಿಗೆ, ಅಣ್ಣನ ಎದುರಿಗೆ ನಿಂತಾಗ, ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಹೇಳಬೇಕೆಂದು ವರ್ಷವಿಡೀ ಎಷ್ಟೋ ಮಾತುಗಳನ್ನು ಸರದಿಗೆ ಹಚ್ಚಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅಜ್ಜನ ಮಾತು, ಗಾಳಿಯ ಕಾಟ, ನನ್ನ ಒಳ್ಳೆಯ ಉದ್ದೇಶ, ಎಲ್ಲ ಇದ್ದವು. ಹೊಲಿಗೆ ಹಾಕಿರಲಿಲ್ಲವೆಂದು ಕಾಣುತ್ತದೆ. ಅಣ್ಣನ ಮುಖ ನೋಡಿದ ಕೂಡಲೇ ಎಲ್ಲ ಹಾರಿಹೋದವು. ದಬ್ಬಣ ಮುಂದೆ ಹಿಡಿದು ನಾನು ಅಂದದ್ದು ಇಷ್ಟೇ:

"ಅಣ್ಣಾ, ಆ ಹುಳಾ ನಾನ. ತಪ್ಪಾತು."